ಉಪ್ಪು ಸುರಿದ ರಸ್ತೆಯಲ್ಲಿ ಹಳೆಯ ಪಿಕಪ್: ಚಳಿಗಾಲದ ತುಕ್ಕನ್ನು ಕುರಿತ ಟಿಪ್ಪಣಿ

ಮಿಶಿಗನ್, ಒಹಾಯೊ, ಪೆನ್ಸಿಲ್ವೇನಿಯಾ, ವರ್ಮಾಂಟ್, ಗಡಿಯಾಚೆಯ ಒಂಟಾರಿಯೊ ಇವೆಲ್ಲ ಉತ್ತರ ಅಮೆರಿಕದ ಹಿಮ ಬೀಳುವ ಸೀಮೆಗಳು. ಅಲ್ಲಿ ಹಳೆಯ ಪಿಕಪ್ ಟ್ರಕ್ ಇಟ್ಟುಕೊಂಡವರು ಅಕ್ಟೋಬರ್ ಬಂತೆಂದರೆ ಕೇಳುವ ಪ್ರಶ್ನೆ ಒಂದೇ: ಈ ಸಲ ಗಾಡಿಯ ತಳಕ್ಕೆ ಏನು ಹೊಡೆಸೋಣ? ಡಾಂಬರಿನಂಥ ಕಪ್ಪು ಲೇಪವೋ, ಉಣ್ಣೆಯ ಮೇಣವೋ, ತೆಳು ಎಣ್ಣೆಯೋ? ಮಾರುವವರು ಮೂರರ ಪರವಾಗಿಯೂ ಆಣೆ ಇಡುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಉಪ್ಪುನೀರು ಗಾಡಿಯ ಯಾವ ಸಂದಿನಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಆ ಹೊತ್ತಿನಲ್ಲಿ ಅಲ್ಲಿ ಎಷ್ಟು ಬೆಚ್ಚಗಿರುತ್ತದೆ? ಕಬ್ಬಿಣ ಸವೆಯುವ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಮೂರೇ ಸಂಗತಿಗಳು ಎಂಬುದು ಈ ಟಿಪ್ಪಣಿಯ ವಾದ. ಇಲ್ಲಿ ಗಮನದಲ್ಲಿರುವುದು 1970ರ ದಶಕದಿಂದ 2000ದ ಮೊದಲ ವರ್ಷಗಳವರೆಗಿನ ಫೋರ್ಡ್, ಶೆವ್ರೊಲೆ, ಟೊಯೊಟಾ ಪಿಕಪ್‌ಗಳು. ಇವುಗಳಲ್ಲಿ ಕೆಳಗೆ ಉಕ್ಕಿನ ಏಣಿ ಫ್ರೇಮ್, ಅದರ ಮೇಲೆ ಬೋಲ್ಟ್ ಬಿಗಿದು ಕೂರಿಸಿದ ಕ್ಯಾಬ್, ಹಿಂದೆ ಬೇರೆಯಾಗಿ ಕೂರಿಸಿದ ಸರಕಿನ ತೊಟ್ಟಿ ಇರುತ್ತದೆ.

ರಸ್ತೆಗೆ ಉಪ್ಪು ಸುರಿಯುವ ಪದ್ಧತಿ ತೀರಾ ಹಳೆಯದಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯ 1938ರಲ್ಲಿ ಅದನ್ನು ಪ್ರಯೋಗವೆಂದು ಶುರುಮಾಡಿತು. 1941-42ರ ಚಳಿಗಾಲದಲ್ಲಿ ಇಡೀ ಅಮೆರಿಕದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್ ಮಾತ್ರ. ಮಹಾಯುದ್ಧ ಮುಗಿದು ಹೆದ್ದಾರಿಗಳು ಹರಡಿದ ಮೇಲೆ, ಹಿಮ ನಿಂತ ಕೆಲವೇ ಗಂಟೆಗಳಲ್ಲಿ ಬರಿಯ ರಸ್ತೆ ಕಾಣಬೇಕು ಎಂಬುದೇ ಸರ್ಕಾರಿ ನೀತಿಯಾಯಿತು. ಈಗ ಅಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ರಸ್ತೆಗೆ ಬೀಳುತ್ತದೆ. ಅದು ಬರುವುದು ಹೆಚ್ಚಾಗಿ ನೆಲದಡಿಯ ಗಣಿಗಳಿಂದ. ಹ್ಯೂರಾನ್ ಸರೋವರದ ತಳದಲ್ಲಿ 550 ಮೀಟರ್ ಆಳಕ್ಕಿಳಿದ ಗಾಡ್ರಿಚ್ ಗಣಿ ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಡೆಟ್ರಾಯಿಟ್ ನಗರದ ಕೆಳಗೂ ಸುಮಾರು 350 ಮೀಟರ್ ಆಳದಲ್ಲಿ ಒಂದು ಗಣಿಯಿದೆ. ಜಗತ್ತಿಗೆ ಮೋಟಾರು ಗಾಡಿ ಕಟ್ಟಿಕೊಟ್ಟ ಊರಿನ ಕಾಲಡಿಯಲ್ಲೇ ಅದನ್ನು ತಿಂದುಹಾಕುವ ಸರಕೂ ಇರುವುದು ವಿಚಿತ್ರ ಯೋಗ.

ಉಪ್ಪು ಹಿಮವನ್ನು ಕರಗಿಸುತ್ತದೆ ಎನ್ನುತ್ತೇವೆ. ಗಾಡಿಯ ಮಟ್ಟಿಗೆ ಮುಖ್ಯವಾದದ್ದು, ಹೆಪ್ಪುಗಟ್ಟಬೇಕಾದ ನೀರನ್ನು ಅದು ನೀರಾಗಿಯೇ ಉಳಿಸುತ್ತದೆ ಎಂಬುದು. ತೂಕದಲ್ಲಿ ನೂರಕ್ಕೆ 23 ಪಾಲು ಅಡುಗೆ ಉಪ್ಪು ಬೆರೆತ ನೀರು ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೆ ಗಟ್ಟಿಯಾಗದು. ಆದರೆ ಮೈನಸ್ 9 ಡಿಗ್ರಿಯ ಆಸುಪಾಸಿನಲ್ಲೇ ಉಪ್ಪಿನ ಕೆಲಸ ತೀರ ನಿಧಾನವಾಗುತ್ತದೆ. ಆಗ ರಸ್ತೆ ಇಲಾಖೆಯವರು ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್‌ಗಳ ಮೊರೆ ಹೋಗುತ್ತಾರೆ. ಕೆಲವೆಡೆ ಬೀಟ್‌ರೂಟ್ ಸಕ್ಕರೆಯ ಉಳಿಕೆಯನ್ನೂ ಬೆರೆಸುವುದುಂಟು. ವಿಸ್ಕಾನ್ಸಿನ್‌ನ ಪೋಕ್ ಕೌಂಟಿಯಲ್ಲಿ ಚೀಸ್ ನೆನೆಸಿಟ್ಟ ಉಪ್ಪುನೀರನ್ನೇ ರಸ್ತೆಗೆ ಎರಚಿದ್ದಾರೆ. ಮಾಲೀಕರು ಗಮನಿಸಬೇಕಾದ ವ್ಯತ್ಯಾಸ ಹೆಪ್ಪುಗಟ್ಟುವ ಬಿಂದುವಿನಲ್ಲಿಲ್ಲ, ತೇವ ಹೀರುವ ಗುಣದಲ್ಲಿದೆ. ಒಣ ಅಡುಗೆ ಉಪ್ಪು ಗಾಳಿಯ ತೇವ ಹೀರಿ ನೀರಾಗಬೇಕಾದರೆ ಸಾಪೇಕ್ಷ ಆರ್ದ್ರತೆ ಶೇ. 75 ದಾಟಬೇಕು. ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33 ಸಾಕು, ಕ್ಯಾಲ್ಸಿಯಂ ಕ್ಲೋರೈಡ್‌ಗೆ ಅದಕ್ಕಿಂತಲೂ ಕಡಿಮೆ. ಅಂದರೆ ಅಡುಗೆ ಉಪ್ಪು ಮೆತ್ತಿದ ಫ್ರೇಮ್ ಒಣಗಾಳಿಯಲ್ಲಿ ನಿಜಕ್ಕೂ ಒಣಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಮೆತ್ತಿದ್ದು ಒಣಗಿದಂತೆ ಕಂಡರೂ ಒಳಗೊಳಗೇ ಒದ್ದೆ.

ಇಲ್ಲಿಂದ ಗ್ಯಾರೇಜಿನ ವಿಚಾರಕ್ಕೆ ಬರಬಹುದು. ಬಿಸಿ ಮಾಡಿದ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಬೇಡಿ, ಹೊರಗೆ ಚಳಿಯಲ್ಲೇ ಬಿಡಿ ಎಂಬ ಮಾತು ಅಲ್ಲಿ ಬಲ್ಲವರೆಲ್ಲರ ಬಾಯಲ್ಲಿದೆ. ಅದರ ಹಿಂದೆ ತರ್ಕವಿದೆ. ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ 10 ಡಿಗ್ರಿ ಏರಿದಾಗ ಎರಡು ಪಟ್ಟಾಗುತ್ತದೆ. ಮೈನಸ್ 10ರಲ್ಲಿ ಚಕ್ರದ ಕಮಾನಿಗೆ ಗಟ್ಟಿಯಾಗಿ ಅಂಟಿದ ಹಿಮ ಅಲ್ಲಿ ಬಹುಮಟ್ಟಿಗೆ ನಿರುಪದ್ರವಿ. ಅದೇ ಹಿಮ 15 ಡಿಗ್ರಿಯ ಗ್ಯಾರೇಜಿನಲ್ಲಿ ರಾತ್ರಿಯಿಡೀ ಕರಗುತ್ತ ಉಪ್ಪುನೀರನ್ನು ಸಂದುಗೊಂದುಗಳಿಗೆಲ್ಲ ಹರಿಸುತ್ತದೆ. ಬೆಳಿಗ್ಗೆ ಗಾಡಿ ಮತ್ತೆ ರಸ್ತೆಗಿಳಿದು ಹೊಸ ಉಪ್ಪು ಹೊತ್ತು ತರುತ್ತದೆ. ಆದರೂ ಈ ಮಾತು ಅರ್ಧಸತ್ಯ. ಒಣಗುವಷ್ಟು ಹೊತ್ತು ಗಾಡಿ ಒಳಗೆ ನಿಂತರೆ, ನೆಲದ ನೀರು ಹೊರಗೆ ಹರಿದುಹೋದರೆ, ಒಂದು ಫ್ಯಾನ್ ತಿರುಗುತ್ತಿದ್ದರೆ, ಅಡುಗೆ ಉಪ್ಪಿನ ಮಟ್ಟಿಗೆ ಬೆಚ್ಚನೆಯ ಗ್ಯಾರೇಜೇ ವಾಸಿ. ಏಕೆಂದರೆ ಚಳಿಗಾಲದ ಹೊರಗಾಳಿಯನ್ನು ಕಾಯಿಸಿದಾಗ ಅದರ ಸಾಪೇಕ್ಷ ಆರ್ದ್ರತೆ ಶೇ. 75ಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಕೆಟ್ಟದ್ದು ನಡುವಿನ ಸ್ಥಿತಿ: ಮುಚ್ಚಿದ ಬಾಗಿಲು, ನಿಂತ ನೀರು, ದಿನಕ್ಕೊಮ್ಮೆ ಕರಗಿ ದಿನಕ್ಕೊಮ್ಮೆ ಮರಳಿ ಒದ್ದೆಯಾಗುವ ಲೋಹ. ವಾರಕ್ಕೊಮ್ಮೆ ಹೊರಡುವ ಗಾಡಿಗೂ ದಿನವೂ ಓಡುವ ಗಾಡಿಗೂ ಒಂದೇ ಸಲಹೆ ಕೊಡಲಾಗದು.

ತುಕ್ಕು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಉಪ್ಪುನೀರಿನ ಒಂದೇ ಹನಿಯಲ್ಲಿ ತೋರಿಸಿದರು. ಉಕ್ಕಿನ ಮೇಲೆ ನಿಂತ ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಸವೆಯುವುದು ನಡು. ಆಮ್ಲಜನಕ ಹೆಚ್ಚಿದ್ದಲ್ಲಿ ತುಕ್ಕು ಹೆಚ್ಚು ಎಂಬ ನಮ್ಮ ಸಹಜ ಊಹೆ ಇಲ್ಲಿ ತಲೆಕೆಳಗಾಗುತ್ತದೆ. ಪಿಕಪ್‌ನಲ್ಲಿ ಈ ಹನಿಯ ಪಾತ್ರ ವಹಿಸುವುದು ಕೆಸರು. ಫ್ರೇಮಿನ ತೆರೆದ ಮೈ ಕೆಂಪಾಗಿ ಕಂಡರೂ ನಿಧಾನವಾಗಿ ಸವೆಯುತ್ತದೆ. ಅದರ ಮೂಲೆಯಲ್ಲಿ ಹಿಡಿಯಷ್ಟು ಒದ್ದೆ ಮಣ್ಣು ಕೂತಲ್ಲಿ ಲೋಹ ತೂತು ಬೀಳುತ್ತದೆ.

ಕ್ಯಾಬಿನ ಹಿಂದಿನ ಕೆಳಮೂಲೆಯನ್ನು ಹತ್ತಿರದಿಂದ ನೋಡಿದರೆ ಇದು ಮನದಟ್ಟಾಗುತ್ತದೆ. ಹೊರಗೊಂದು, ಒಳಗೊಂದು ತೆಳು ತಗಡು. ಎರಡೂ ಕೆಳಗಡೆ ಮಡಿಚಿ ಸೇರುತ್ತವೆ. ನಡುವಿನ ಟೊಳ್ಳಿನಲ್ಲಿ ನೀರು ಇಳಿದುಹೋಗಲೆಂದು ತಯಾರಕರು ಸಣ್ಣ ಸೀಳು ಬಿಟ್ಟಿರುತ್ತಾರೆ. ಹಿಂದಿನ ಗಾಜಿನ ರಬ್ಬರ್ ಸಡಿಲವಾದಲ್ಲಿ, ಬಾಗಿಲ ಬುಡದಲ್ಲಿ, ಕೆಳಗಿನಿಂದ ಚಕ್ರ ಎರಚಿದ ರಾಡಿಯಲ್ಲಿ ನೀರು ಒಳಸೇರುತ್ತದೆ. ಜೊತೆಗೆ ಬಂದ ಮಣ್ಣು, ಎಲೆಚೂರು ಆ ಸೀಳನ್ನು ಮುಚ್ಚುತ್ತವೆ. ಮುಂದೆ ಅದು ಮೇ ತಿಂಗಳವರೆಗೂ ಒಣಗದ ಉಪ್ಪಿನ ಕೆಸರು. ಹೊರಗಿನ ಬಣ್ಣ ವರ್ಷಗಟ್ಟಲೆ ಮಿರಮಿರ ಹೊಳೆಯುತ್ತಲೇ ಇರುತ್ತದೆ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುವುದರಿಂದ ಒಂದು ದಿನ ಬಣ್ಣದಡಿ ಕಡಲೆಕಾಳಿನಷ್ಟು ಗುಳ್ಳೆ ಏಳುತ್ತದೆ. ಹೊಸಬರು ಅಲ್ಲಿ ತುಕ್ಕು ಶುರುವಾಯಿತು ಎಂದುಕೊಳ್ಳುತ್ತಾರೆ. ಸ್ಕ್ರೂಡ್ರೈವರ್ ಒತ್ತಿದರೆ ತೂರಿಹೋಗುತ್ತದೆ. ಅದನ್ನು ಕೆರೆದು ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ಎಲ್ಲ ದೇಶದ ಟಿಂಕರಿಂಗ್ ಅಂಗಡಿಗಳ ರೂಢಿ. ಪುಟ್ಟಿ ತೇವ ಹಿಡಿದಿಟ್ಟು ಉಳಿದ ತಗಡನ್ನೂ ತೆಗೆಯುತ್ತದೆ.

1976ರ ನಂತರ ಹರಡಿದ ಕ್ಯಾಥೋಡಿಕ್ ವಿದ್ಯುತ್-ಲೇಪನ ಮತ್ತು 1980ರ ದಶಕದಲ್ಲಿ ಬಳಕೆ ಹೆಚ್ಚಿದ ಸತು ಬಳಿದ ತಗಡು, ಇವೆರಡೂ ದೇಹದ ತಗಡಿನ ಆಯಸ್ಸನ್ನು ಗಣನೀಯವಾಗಿ ಹೆಚ್ಚಿಸಿದವು. ಫ್ರೇಮಿಗೆ ಈ ಭಾಗ್ಯ ಅಷ್ಟಾಗಿ ದೊರೆಯಲಿಲ್ಲ. ಟೊಯೊಟಾ 1995–2000ರ ಟಕೋಮಾ ಪಿಕಪ್‌ಗಳ ಫ್ರೇಮ್ ತುಕ್ಕಿಗೆ 2008ರಲ್ಲಿ 15 ವರ್ಷಗಳ ಖಾತರಿ ಘೋಷಿಸಿತು. ತೀರಾ ಕೆಟ್ಟವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ತಾನೇ ಮರಳಿ ಕೊಂಡಿತು. 2009ರಲ್ಲಿ 2000–2003ರ ಟಂಡ್ರಾಗಳ ಸರದಿ. ಹಿಂದಿನ ಅಡ್ಡಪಟ್ಟಿ ತುಕ್ಕು ಹಿಡಿದು ಸ್ಟೆಪ್ನಿ ರಸ್ತೆಗೆ ಬೀಳುವ ಅಪಾಯವಿತ್ತು. ಮುಂದೆ 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳ ಸಾಮೂಹಿಕ ದಾವೆಯಲ್ಲಿ 3.4 ಬಿಲಿಯನ್ ಡಾಲರ್ ಮೌಲ್ಯದವರೆಗಿನ ರಾಜಿಯಾಯಿತು. ಫೋರ್ಡ್ 2011ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಇಂಧನ ಟ್ಯಾಂಕ್ ಹಿಡಿದಿಡುವ ಉಕ್ಕಿನ ಪಟ್ಟಿಗಳ ತುಕ್ಕಿಗಾಗಿ ವಾಪಸ್ ಕರೆಯಿತು. ಅವುಗಳಲ್ಲಿ 1997–2003ರ ಎಫ್-150 ಪಿಕಪ್‌ಗಳೇ ಮುಖ್ಯ. ಇದೇ ಕಂಪನಿ 2015ರ ಎಫ್-150ಗೆ ಅಲ್ಯೂಮಿನಿಯಂ ದೇಹ ಕೊಟ್ಟಾಗ ತುಕ್ಕಿನ ಕಥೆ ಮುಗಿಯಿತು ಎಂದವರುಂಟು. ಅದರಲ್ಲೂ ಫ್ರೇಮ್ ಉಕ್ಕಿನದೇ. ಈ ಪಟ್ಟಿಯಲ್ಲಿ ಒಂದು ಸಮಾನ ಅಂಶ ಎದ್ದು ಕಾಣುತ್ತದೆ: ಅಡ್ಡಪಟ್ಟಿ, ಟ್ಯಾಂಕ್ ಪಟ್ಟಿ ಎರಡೂ ಒಂದು ಲೋಹ ಇನ್ನೊಂದರ ಮೇಲೆ ಒತ್ತಿ ಕುಳಿತ ಜಾಗಗಳು. ಸ್ಪ್ರೇ ಗನ್ನಿನ ಮುಂದೆ ನೇರ ತೆರೆದುಕೊಂಡ ಜಾಗ ಈ ಪಟ್ಟಿಯಲ್ಲಿಲ್ಲ.

ರಸ್ತೆಯ ತುಕ್ಕು ಒದ್ದೆಯಾಗಿ ಒಣಗುವ ಆವರ್ತನದ ಮೇಲೆ ನಿಂತಿದೆ ಎಂಬುದನ್ನು ಒಪ್ಪಿಕೊಳ್ಳಲು ಪ್ರಯೋಗಾಲಯಗಳು ಸಮಯ ತೆಗೆದುಕೊಂಡವು. 1939ರಲ್ಲಿ ಬಂದ ಬಿ-117 ಪರೀಕ್ಷೆಯಲ್ಲಿ ಲೇಪ ಹಚ್ಚಿದ ತಗಡನ್ನು 35 ಡಿಗ್ರಿಯಲ್ಲಿ ಶೇ. 5ರ ಉಪ್ಪುನೀರಿನ ಮಂಜಿನಲ್ಲಿ ಎಡೆಬಿಡದೆ ಇಡುತ್ತಾರೆ. ಇಂದಿಗೂ ಲೇಪದ ಡಬ್ಬಿಗಳ ಮೇಲೆ ಇಷ್ಟು ಸಾವಿರ ಗಂಟೆ ತಾಳಿತು ಎಂದು ಅಚ್ಚಾಗುವುದು ಈ ಪರೀಕ್ಷೆಯ ಲೆಕ್ಕವೇ. ರಸ್ತೆಯ ಮೇಲೆ ಯಾವ ಗಾಡಿಯೂ ಸದಾ ಒದ್ದೆಯಾಗಿರುವುದಿಲ್ಲ; ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುತ್ತದೆ. ಒಣಗುವ ಹೊತ್ತಿನಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ, ನೀರಿನ ಪದರ ತೆಳುವಾಗಿ ಆಮ್ಲಜನಕ ಬೇಗ ಒಳತೂರುತ್ತದೆ. ಹೀಗಾಗಿ ಅಮೆರಿಕದ ಆಟೊಮೊಬೈಲ್ ಎಂಜಿನಿಯರರ ಸಂಸ್ಥೆ ರೂಪಿಸಿದ ಜೆ-2334 ಎಂಬ ಆವರ್ತ ಪರೀಕ್ಷೆಯಲ್ಲಿ 50 ಡಿಗ್ರಿಯ ಪೂರ್ಣ ತೇವದಲ್ಲಿ ಆರು ಗಂಟೆ, ಉಪ್ಪುದ್ರಾವಣದಲ್ಲಿ ಕಾಲು ಗಂಟೆ, ಉಳಿದಷ್ಟೂ ಹೊತ್ತು 60 ಡಿಗ್ರಿಯ ಒಣಗಾಳಿ. ದ್ರಾವಣದಲ್ಲಿ ಉಪ್ಪು ಶೇ. 0.5 ಮಾತ್ರ. ಹತ್ತನೇ ಒಂದು ಭಾಗದ ಉಪ್ಪು ರಸ್ತೆಯ ನಡವಳಿಕೆಯನ್ನು ಹೆಚ್ಚು ನಿಷ್ಠೆಯಿಂದ ತೋರಿಸುತ್ತದೆ ಎಂಬುದನ್ನು ಡಬ್ಬಿ ಕೊಳ್ಳುವವರು ನೆನಪಿಟ್ಟರೆ ಒಳಿತು.

ಇನ್ನು ಲೇಪ. ಹೊಸ ಗಾಡಿಗೂ ಹಳೆಯ ಗಾಡಿಗೂ ವ್ಯತ್ಯಾಸ ಇಲ್ಲಿದೆ. ಹಳೆಯ ಫ್ರೇಮಿನ ಮೇಲೆ ಈಗಾಗಲೇ ತುಕ್ಕಿದೆ, ಆ ತುಕ್ಕಿನೊಳಗೆ ಕ್ಲೋರೈಡ್ ಇದೆ. ಉಪ್ಪಿನ ವಾತಾವರಣದಲ್ಲಿ ಹುಟ್ಟುವ ಅಕಗನೈಟ್ ಎಂಬ ತುಕ್ಕಿನ ಖನಿಜ ತನ್ನ ಹರಳಿನ ರಚನೆಯಲ್ಲೇ ಕ್ಲೋರೈಡನ್ನು ಸೆರೆಹಿಡಿದಿರುತ್ತದೆ. ನೀರು ಹಾಯಿಸಿದ ಮಾತ್ರಕ್ಕೆ ಬಿಡುವುದಿಲ್ಲ. ಇಂಥ ಮೈಮೇಲೆ ಡಾಂಬರು ಅಥವಾ ರಬ್ಬರಿನ ಗಟ್ಟಿ ಪದರ ಬಳಿದರೆ ಮೊದಲ ವರ್ಷ ಗಾಡಿ ಹೊಸದರಂತೆ ಕಾಣುತ್ತದೆ. ಕಲ್ಲು ಸಿಡಿದು, ಚಳಿಗೆ ಬಿರಿದು ಎಲ್ಲೋ ಒಂದು ಸೀಳು ಬಿಟ್ಟಿತೆಂದರೆ ನೀರು ಪದರದ ಹಿಂದೆ ಸೇರುತ್ತದೆ, ಹೊರಬರುವ ದಾರಿ ಇಲ್ಲ. ಕೊನೆಗೆ ಪದರವನ್ನು ಕೈಯಲ್ಲಿ ಎಳೆದರೆ ಉಕ್ಕಿನ ಹಾಳೆಗಳೂ ಜೊತೆಗೇ ಕಳಚಿ ಬರುತ್ತವೆ. ಹಳೆಯ ಗಾಡಿಗೆ ಇದನ್ನು ಮಾಡಿಸುವುದು ದುಡ್ಡು ಕೊಟ್ಟು ಕೇಡು ತಂದುಕೊಂಡಂತೆ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಟ್ಯಾನಿಕ್ ಆಮ್ಲದ ತುಕ್ಕು-ಪರಿವರ್ತಕಗಳು ತೆರೆದ ಜಾಗದ ತೆಳು ತುಕ್ಕನ್ನು ಕಪ್ಪು ಟ್ಯಾನೇಟ್ ಆಗಿ ಬದಲಿಸಿ ಬಣ್ಣಕ್ಕೆ ನೆಲೆ ಕೊಡುತ್ತವೆ. ಅಳಲೆಕಾಯಿ ಮತ್ತು ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದುದೂ ಇದೇ ರಸಾಯನದಿಂದ. ಹಾಳೆಹಾಳೆಯಾದ ತುಕ್ಕಿನ ಒಳಪದರಕ್ಕೆ ಈ ಪರಿವರ್ತಕಗಳು ಇಳಿಯವು.

ಹಳೆಯ ಗಾಡಿಗೆ ಹೊಂದುವುದು ಎಂದಿಗೂ ಪೂರ್ತಿ ಒಣಗದ, ಸಂದಿಗೆ ತಾನಾಗಿ ಹರಿದುಹೋಗುವ ಎಣ್ಣೆ–ಮೇಣಗಳು. ಈ ಅರಿವು ಸಮುದ್ರದಿಂದ ಬಂದದ್ದು. ಸ್ಕಾಟ್‌ಲೆಂಡ್ ಮೂಲದ ಕ್ಯಾಪ್ಟನ್ ರಾಬರ್ಟ್ ಫರ್ಗುಸನ್ ಹಡಗಿನ ತುಕ್ಕು ಹಿಡಿದ ಡೆಕ್ಕಿನ ಮೇಲೆ ಮೀನೆಣ್ಣೆ ಚೆಲ್ಲಿದ ಕಡೆ ತುಕ್ಕು ನಿಂತದ್ದನ್ನು ಗಮನಿಸಿದರು. ಅದರ ಫಲವಾಗಿ 1921ರಲ್ಲಿ ರಸ್ಟ್-ಓಲಿಯಂ ಕಂಪನಿ ಹುಟ್ಟಿತು. ನಮ್ಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದವರಿಗೆ ಇದರಲ್ಲಿ ಅಚ್ಚರಿ ಕಾಣಲಿಕ್ಕಿಲ್ಲ. ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಇಂದು ಹೆಚ್ಚು ಮೆಚ್ಚಿನದು. ಅದು ದಪ್ಪ, ಚಕ್ರದ ಎರಚಲಿಗೆ ಬೇಗ ತೊಳೆದುಹೋಗದು. ತೆಳು ಖನಿಜ ಎಣ್ಣೆ ಬಾಗಿಲು, ಕ್ಯಾಬ್ ಮೂಲೆಗಳ ಟೊಳ್ಳಿನಲ್ಲಿ ಚೆನ್ನಾಗಿ ಹರಿಯುತ್ತದೆ. ತೆರೆದ ಫ್ರೇಮಿನ ಮೇಲೆ ಒಂದೇ ಚಳಿಗಾಲ ಬಾಳುತ್ತದೆ. ಒಂದೇ ಗಾಡಿಗೆ ಎರಡನ್ನೂ ಬಳಸುವುದು ಜಾಣತನ. ಹೊಡೆಸಲು ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್, ಲೋಹ ಒಣಗಿ ಇನ್ನೂ ಬೆಚ್ಚಗಿರುವಾಗ. ಬ್ರೇಕ್ ಡಿಸ್ಕ್, ಸೈಲೆನ್ಸರ್, ಬೆಲ್ಟುಗಳಿಗೆ ತಾಗಬಾರದು. ಪೆಟ್ರೋಲಿಯಂ ಎಣ್ಣೆ ನೈಸರ್ಗಿಕ ರಬ್ಬರಿನ ಬುಶ್‌ಗಳನ್ನು ಊದಿಸುತ್ತದೆ. ಹೊಡೆಸಿದ ಮೇಲೆ ಕೆಲವು ದಿನ ಅಂಗಳದಲ್ಲಿ ತೊಟ್ಟಿಕ್ಕುತ್ತದೆ, ಅದೇ ಎಣ್ಣೆ ಸಂದುಗಳನ್ನು ಮುಟ್ಟಿದ್ದಕ್ಕೆ ಗುರುತು. ಹಳೆಯ ರೈತರು ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನೇ ಎರಚಿ ಮಣ್ಣುರಸ್ತೆಯಲ್ಲಿ ಓಡಿಸಿ ಧೂಳು ಮೆತ್ತಿಸುತ್ತಿದ್ದರು. ಎಣ್ಣೆ ಇರುವವರೆಗೆ ಅದು ಕವಚವೇ. ಆರಿದ ಮೇಲೆ ಆ ಧೂಳೇ ಉಪ್ಪುನೀರಿಗೆ ಮನೆ. ಬಳಸಿದ ಎಣ್ಣೆಯಲ್ಲಿ ಆಮ್ಲ, ಭಾರಲೋಹಗಳಿರುತ್ತವೆ. ಹಿಮ ಕರಗಿದಾಗ ಅದು ಹೋಗಿ ಸೇರುವುದು ಹಳ್ಳಕ್ಕೆ.

ಬ್ಯಾಟರಿಗೆ ತಂತಿ ಸಿಕ್ಕಿಸಿದರೆ ತುಕ್ಕು ತಡೆಯುತ್ತೇವೆ ಎನ್ನುವ ಪೆಟ್ಟಿಗೆಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ಹಡಗುಗಳ ತಾಮ್ರದ ಹೊದಿಕೆಯನ್ನು ಸತು, ಕಬ್ಬಿಣ ಜೋಡಿಸಿ ಕಾಪಾಡಿದ್ದು ನಿಜ. ಅದು ಸಾಧ್ಯವಾದದ್ದು ಹಡಗಿನ ತಳ ಸದಾ ಸಮುದ್ರದಲ್ಲಿ ಮುಳುಗಿದ್ದರಿಂದ. ಗಾಳಿಯಲ್ಲಿ ನಿಂತ ಟ್ರಕ್ಕಿನ ಮೈತುಂಬ ವಿದ್ಯುತ್ ಮಂಡಲ ಪೂರ್ತಿಮಾಡುವ ನೀರೆಲ್ಲಿ? ಇಂಥ ಒಂದು ಪೆಟ್ಟಿಗೆಯ ಮಾರಾಟಗಾರರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲೇ ಕ್ರಮ ಜರುಗಿಸಿತ್ತು.

ತೊಳೆಯುವ ವಿಷಯದಲ್ಲಿ ಒತ್ತಡಕ್ಕಿಂತ ನೀರಿನ ಪ್ರಮಾಣ ಮುಖ್ಯ. ಜೋರಾದ ಜೆಟ್ ಎಣ್ಣೆಯ ಪದರವನ್ನೂ ಕಿತ್ತು, ಕೆಸರನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಹುಲ್ಲಿಗೆ ನೀರು ಚಿಮ್ಮಿಸುವ ಸಾಧನವನ್ನು ಗಾಡಿಯ ತಳದಲ್ಲಿ ಅರ್ಧ ಗಂಟೆ ಬಿಡುವ ಉಪಾಯ ನೋಡಲು ಬಡತನದ್ದಾದರೂ ಕೆಲಸಕ್ಕೆ ಉತ್ತಮ. ತೊಟ್ಟಿಯ ಮುಂಗೋಡೆಗೂ ಕ್ಯಾಬಿಗೂ ನಡುವಿನ ಕಿಂಡಿ, ಹಿಂಚಕ್ರದ ಕಮಾನಿನ ಒಳತುಟಿ, ಪೆಟ್ಟಿಗೆಯಾಕಾರದ ಫ್ರೇಮಿನ ತೂತುಗಳು, ಇಲ್ಲೆಲ್ಲ ಪೈಪು ಹಿಡಿದು ಹೊರಬರುವ ನೀರು ತಿಳಿಯಾಗುವ ತನಕ ಬಿಡಬೇಕು. ತೊಳೆಯಬೇಕಾದ ದಿನ ಅತಿ ಚಳಿಯದ್ದಲ್ಲ. ಸೊನ್ನೆಗಿಂತ ಮೇಲೇರಿ ಹಿಮ ಕರಗುವ ದಿನ, ಏಕೆಂದರೆ ತುಕ್ಕು ಚುರುಕಾಗುವುದು ಅಂದೇ. ನೀರನ್ನು ಮರುಬಳಸುವ ವಾಶ್ ಅಂಗಡಿಗಳಲ್ಲಿ ಕೊನೆಯ ಸುತ್ತಿಗಾದರೂ ಹೊಸ ನೀರು ಇದೆಯೇ ಎಂದು ಕೇಳಬೇಕು. ನೀರೇ ಕ್ಲೋರೈಡ್ ಹೊತ್ತು ಬರುವುದು ಕಲ್ಪನೆಯಲ್ಲ. ಮಿಶಿಗನ್‌ನ ಫ್ಲಿಂಟ್ ನಗರ 2014ರಲ್ಲಿ ಫ್ಲಿಂಟ್ ನದಿಯ ನೀರಿಗೆ ಬದಲಾದಾಗ, ಅದರ ಕ್ಲೋರೈಡ್ ಎಂಜಿನ್ನಿನ ಬಿಡಿಭಾಗಗಳನ್ನು ಸವೆಸುತ್ತಿದೆ ಎಂದು ಅಲ್ಲಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ ಅದೇ ಅಕ್ಟೋಬರ್‌ನಲ್ಲಿ ಆ ನೀರನ್ನು ಬಿಟ್ಟಿತು. ಪಿಕಪ್ ಟ್ರಕ್ಕುಗಳು ತಯಾರಾಗುವ ಊರು ಅದು. ಅದೇ ನೀರನ್ನು ಊರಿನವರು ಮತ್ತೊಂದು ವರ್ಷ ಕುಡಿದರು.

ಮಂಗಳೂರು–ಕಾರವಾರಗಳ ಗಾಡಿಗಳಿಗೆ ಈ ಸಲಹೆಗಳನ್ನು ಹಾಗೇ ಅನ್ವಯಿಸಲಾಗದು. ಅಲ್ಲಿ ಉಪ್ಪು ಸಮುದ್ರದ ಗಾಳಿಯಿಂದಲೂ, ಮೀನು ಲಾರಿಗಳು ಹೆದ್ದಾರಿಗೆ ಸುರಿಸುತ್ತ ಹೋಗುವ ಮಂಜುಗಡ್ಡೆಯ ನೀರಿನಿಂದಲೂ ಬರುತ್ತದೆ. ಶೇ. 75ರ ಗಡಿಯನ್ನು ಕರಾವಳಿಯ ಗಾಳಿ ವರ್ಷದ ಬಹುಪಾಲು ರಾತ್ರಿಗಳಲ್ಲಿ ದಾಟಿರುತ್ತದೆ, ಚಳಿಯ ರಕ್ಷಣೆಯೂ ಇಲ್ಲ. ಬದಲಿಗೆ ಮುಂಗಾರಿನ ಮಳೆ ಬಯಲಿನಲ್ಲಿ ನಿಂತ ಗಾಡಿಯನ್ನು ಪುಕ್ಕಟೆ ತೊಳೆಯುತ್ತದೆ.

ಕೊನೆಗೆ ಬ್ರೇಕ್ ಪೈಪು. ಲೇಪದ ಚರ್ಚೆಯಲ್ಲಿ ಇದು ಹಿಂದೆ ಸರಿಯುತ್ತದೆ, ಪ್ರಾಣದ ಲೆಕ್ಕದಲ್ಲಿ ಮೊದಲು ಬರಬೇಕು. ಫ್ರೇಮಿನ ಒಳಮಗ್ಗುಲಲ್ಲಿ ಹಿಂದಿನ ಚಕ್ರಗಳತ್ತ ಸಾಗುವ ಉಕ್ಕಿನ ಕೊಳವೆಯ ಹೊರವ್ಯಾಸ ಸುಮಾರು 5 ಮಿ.ಮೀ., ಗೋಡೆಯ ದಪ್ಪ 0.7 ಮಿ.ಮೀ. ಅದನ್ನು ಫ್ರೇಮಿಗೆ ಹಿಡಿದಿಟ್ಟ ಪ್ಲಾಸ್ಟಿಕ್ ಕ್ಲಿಪ್ಪಿನ ಹಿಂದೆ ಕೆಸರು ಕೂತು, ಕ್ಲಿಪ್ಪಿನಷ್ಟೇ ಅಗಲಕ್ಕೆ ಕೊಳವೆ ಸವೆಯುತ್ತದೆ. ಎರಡೂ ಬದಿ ಚೊಕ್ಕಟವಾಗಿಯೇ ಕಾಣುತ್ತದೆ. ಜನರಲ್ ಮೋಟರ್ಸ್‌ನ 1999–2003ರ ಪಿಕಪ್ ಮತ್ತು ಎಸ್‌ಯುವಿಗಳಲ್ಲಿ ಹೀಗೆ ಪೈಪು ಒಡೆದ ದೂರುಗಳನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ವರ್ಷಗಟ್ಟಲೆ ತನಿಖೆ ಮಾಡಿತು. ಇದು ಬಳಕೆಯ ಸವಕಳಿ, ತಯಾರಿಕೆಯ ದೋಷವಲ್ಲ ಎಂದು 2015ರ ಏಪ್ರಿಲ್‌ನಲ್ಲಿ ಕಡತ ಮುಚ್ಚಿತು. ಚಳಿಗಾಲದುದ್ದಕ್ಕೂ ತಳ ತೊಳೆಯಿರಿ, ಹಳೆಯ ಗಾಡಿಗಳ ಪೈಪು ಪರೀಕ್ಷಿಸಿಕೊಳ್ಳಿ ಎಂದು ಮಾಲೀಕರಿಗೆ ಹೇಳಿತು. ತೀರ್ಪಿನ ಮೊದಲ ಭಾಗವನ್ನು ಒಪ್ಪುವುದು ಕಷ್ಟ. ಉಪ್ಪಿಗೆ ಸುಲಭವಾಗಿ ಸವೆಯದ ತಾಮ್ರ–ನಿಕ್ಕಲ್ ಮಿಶ್ರಲೋಹದ ಪೈಪುಗಳನ್ನು ವೋಲ್ವೊ 1976ರಿಂದಲೇ ಬಳಸುತ್ತಿತ್ತು. ಹಳೆಯ ಪಿಕಪ್‌ನ ಒಂದು ಪೈಪು ಒಡೆದರೆ ಅದೊಂದನ್ನು ಮಾತ್ರ ಬದಲಿಸಿ ಉಳಿದವನ್ನು ಬಿಡುವ ಮೆಕ್ಯಾನಿಕ್ ಹಣ ಉಳಿಸಿಕೊಟ್ಟಂತೆ ಕಾಣುತ್ತಾನೆ. ಎಲ್ಲ ಕ್ಲಿಪ್ಪುಗಳೂ ಒಂದೇ ವಯಸ್ಸಿನವು, ಒಂದೇ ಉಪ್ಪು ಕಂಡವು. ಮಾಡಿಸುವುದಾದರೆ ಅಷ್ಟೂ ಸಾಲನ್ನು ತಾಮ್ರ–ನಿಕ್ಕಲ್‌ನಲ್ಲಿ ಒಟ್ಟಿಗೆ ಮಾಡಿಸಬೇಕು, ತಳಕ್ಕೆ ಎಣ್ಣೆ ಹೊಡೆಸುವುದಕ್ಕೂ ಮೊದಲು. ಎಣ್ಣೆ ಮೆತ್ತಿದ ಮೇಲೆ ಕ್ಲಿಪ್ಪಿನ ಹಿಂದಿನ ಸವಕಳಿ ಕಣ್ಣಿಗೆ ಬೀಳುವುದಿಲ್ಲ.